ಮೂವತ್ತೊಂದನೇ ಗೋಡೆಯ ಹಾಳೆ

ಫೆಬ್ರವರಿ ೩

ಪ್ರೀತಿಯ ಪೆನ್ಸಿಲ್,

ನೀನು ಕೇಂದ್ರ ಕಚೇರಿಗೆ ಹೋಗಿ ಮೂರು ವಾರವಾಯಿತು. ಈ ಕಾಗದವನ್ನು ಕಡತದ ಚೀಲ ಒಯ್ಯುವ ಜೀಪಿನವನ ಕೈಗೆ ಕೊಡುತ್ತಿದ್ದೇನೆ. "ಫೋನ್ ಮಾಡಬಾರದೇನಕ್ಕಾ, ಅಂಚೆ ಕೆಲಸವೂ ನನಗೇನಾ?" ಅಂದ. ಫೋನಿಗೆ ಸಿಗ್ನಲ್ ಸಿಗಬೇಕಾದರೆ ಘಾಟಿ ರಸ್ತೆಯ ಇಪ್ಪತ್ತೆರಡನೇ ತಡೆಗೋಡೆಯ ನೆತ್ತಿಯ ಮೇಲೆ ಹತ್ತಿ ನಿಲ್ಲಬೇಕಪ್ಪಾ, ಆ ಗೋಡೆಗೆ ಈಗಿರುವ ಭಾರವೇ ಸಾಕು ಅಂದೆ. ನಕ್ಕ. ನಕ್ಕಿದ್ದು ಗೋಡೆಯನ್ನು ನೆನೆದೋ ನನ್ನ ಮೈಯನ್ನು ನೋಡಿಯೋ ಗೊತ್ತಾಗಲಿಲ್ಲ.

ನಿನ್ನ ಜಾಗಕ್ಕೆ ಉಗ್ರಾಣದವರನ್ನೇ ಹಾಕಿದ್ದಾರೆ. ನಿವೃತ್ತಿಗೆ ಒಂದೂವರೆ ವರ್ಷವಿದೆ, ಒಳ್ಳೆಯವರು. ನಾನು ಕಲ್ಲಿಗೆ ಸುತ್ತಿಗೆ ಬಡಿದು, ಸದ್ದು ಕೇಳಿ ಅಂಕ ಕೂಗಿದರೆ ಅವರು ಬರೆದುಕೊಳ್ಳುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ನೀನು ಪ್ರತಿ ಅಂಕವನ್ನೂ ತಿರುಗಿ ಹೇಳಿ "ಬರೆದೆ" ಅನ್ನುತ್ತಿದ್ದೆ. ಹದಿನೆಂಟು ವರ್ಷ ಆ ಮಾತು ಕಿವಿಗೆ ಬಿದ್ದ ಮೇಲೇ ನಾನು ಮುಂದಿನ ಹೆಜ್ಜೆ ಇಟ್ಟಿದ್ದು. ಮೊನ್ನೆ ಹೇಳಿಯೇಬಿಟ್ಟೆ, "ಸಾರ್, ಬರೆದೆ ಅನ್ನಿ." "ಬರೀತಾ ಇರೋದು ಕಾಣ್ತಾ ಇಲ್ವೇನಮ್ಮ?" ಅಂದರು. ಹೇಗೆ ಕಾಣಬೇಕು? ನನ್ನ ಮುಖ ಗೋಡೆಯ ಕಡೆಗಿರುತ್ತದೆ.

ಅವರು ನಮ್ಮ ತಗಡಿನ ಪೆಟ್ಟಿಗೆ ತೆರೆದು ಹೌಹಾರಿದರು. "ಖಾಲಿ ಹಾಳೆಗೆ ಯಾರಾದ್ರೂ ಸಹಿ ಹಾಕ್ತಾರೇನಮ್ಮ? ಇಬ್ಬರೂ ಸೇರಿ?" ವಿವರಿಸಿದೆ. ಮೇಣದ ಪೆನ್ಸಿಲಿನ ಬರಹಕ್ಕೆ ಮಂಜು ತಾಗದು, ಮಳೆ ತಾಗದು, ಉಜ್ಜಿದರೂ ಹೋಗದು. ಸಹಿ ಮಾತ್ರ ಇಂಕಿನಲ್ಲೇ ಇರಬೇಕು ಅಂತ ನಿಯಮ. ಒದ್ದೆ ಬೆರಳಿನಲ್ಲಿ ಸಹಿ ಹಾಕಿದರೆ ಕದಡುತ್ತದೆ, ಕದಡಿದ ಹಾಳೆಯನ್ನು ಕಚೇರಿ ತಿರುಗಿ ಕಳಿಸುತ್ತದೆ, ಮತ್ತೆ ಅದೇ ಗುಡ್ಡ ಹತ್ತಬೇಕು. ಅದಕ್ಕೇ ಅಕ್ಟೋಬರ್‌ನಲ್ಲಿ ಶೆಡ್ಡಿನೊಳಗೆ ಕುಳಿತು, ಕೈ ಒರೆಸಿಕೊಂಡು, ಐವತ್ತು ಹಾಳೆಗೆ ಇಬ್ಬರೂ ಸಹಿ ಹಾಕಿಡುತ್ತೇವೆ ಅಂದೆ. ಅವರು ತಲೆ ಅಲ್ಲಾಡಿಸಿದರು. ಮೂವತ್ತೆಂಟು ಗೋಡೆಗೆ ಮೂವತ್ತೆಂಟು ಹಾಳೆ ಮುಗಿದವು. ಉಳಿದ ಹನ್ನೆರಡರಲ್ಲಿ ಒಂದನ್ನು ನೀನು ನೆನಪಿಗೆ ಅಂತ ಕೇಳಿ ಒಯ್ದೆ. ಹನ್ನೊಂದು ಇಲ್ಲಿವೆ. ಸುಟ್ಟುಬಿಡಿ ಅನ್ನುತ್ತಾರೆ. ನಿನ್ನ ಸಹಿಗೆ ಬೆಂಕಿ ಇಡಲು ಮನಸ್ಸು ಬರಲಿಲ್ಲ.

ಇನ್ನು ಮೂವತ್ತೊಂದು. ಡಿಸೆಂಬರ್‌ನಲ್ಲಿ ನಾನು "ನಾಲ್ಕು" ಅಂದಾಗ ಪಂಕ್ಚರ್ ಅಂಗಡಿಯವನು "ಐದಕ್ಕೆ ನಾಲ್ಕಾ ಡಾಕ್ಟ್ರಮ್ಮ? ಹಾಗಾದ್ರೆ ನಮ್ಮ ಗೋಡೆ ಪಾಸು" ಅಂದಿದ್ದ. ನಮ್ಮಲ್ಲಿ ಒಂದು ಅಂದರೆ ಗಟ್ಟಿ, ಐದು ಅಂದರೆ ಬೀಳುತ್ತಿರುವುದು ಅಂತ ನೀನು ಬಿಡಿಸಿ ಹೇಳಿದ ಮೇಲೆ ಪಾಪ ಅವನ ಮುಖ ಇಳಿದುಹೋಯಿತು. ನೀನು ಅವನ ಟೈರುಗಳ ರಾಶಿಯ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೆ. ಅವನ ಹೆಂಡತಿ ಟೀ ಲೋಟವನ್ನು ಸೀದಾ ಅದರ ಮೇಲೇ ಇಟ್ಟಳು. ಬಳೆಯಂತೆ ದುಂಡಗೆ ಕಂದು ಕಲೆ ಬಿತ್ತು. "ನೋಡಿ, ನಮ್ಮ ಅಂಗಡಿ ಸೀಲು" ಅಂದ. ಆಗಿನಿಂದ ಈಗಿನವರೆಗೆ ಗೋಡೆಯ ಉಬ್ಬು ಎರಡು ಬೆರಳಿನಷ್ಟು ಮುಂದೆ ಬಂದಿದೆ. ತೂಗುಗುಂಡು ಬಿಟ್ಟು ನೋಡಿದೆ. ಅವರ ಅಂಗಡಿಯ ತಗಡು ಆ ಉಬ್ಬಿಗೇ ಒರಗಿದೆ.

ಮಾರ್ಚ್‌ನಲ್ಲಿ ದುರಸ್ತಿಯ ಪಟ್ಟಿ ಮಾಡುವ ಮೇಜು ಈಗ ನಿನ್ನದು. ನಮ್ಮ ಸೆಕ್ಷನ್ನಿನಿಂದ ಒಂದೇ ಗೋಡೆ ಸೇರುವುದಾದರೂ ಅದು ಮೂವತ್ತೊಂದು ಆಗಲಿ. ಮಂಡಿನೋವು ಹೇಗಿದೆ?

ನಿನ್ನ
ಸುತ್ತಿಗೆ


ಫೆಬ್ರವರಿ ೧೮

ಪ್ರೀತಿಯ ಸುತ್ತಿಗೆ,

ನಿನ್ನ ಕಾಗದಕ್ಕೆ ಡೀಸೆಲ್ ವಾಸನೆ ಅಂಟಿತ್ತು. ಓದುವ ಮೊದಲು ಮೂಸಿ ನೋಡಿದೆ ಅಂದರೆ ನಗುತ್ತೀಯೇನೋ.

ಇಲ್ಲಿ ಲಿಫ್ಟ್ ಇದೆ ಕಣೇ. ಮೂರನೇ ಮಹಡಿಗೆ ಮಂಡಿ ಬಗ್ಗಿಸದೆ ಹೋಗುತ್ತೇನೆ. ಮೊದಲ ದಿನ ನಾಲ್ಕು ಸಲ ಸುಮ್ಮನೆ ಹತ್ತಿ ಇಳಿದೆ. ಕುರ್ಚಿಗೆ ಚಕ್ರವಿದೆ. ಸ್ವಲ್ಪ ಜೋರಾಗಿ ಕುಳಿತರೆ ಹಿಂದಿನ ಬೀರುವಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಪಕ್ಕದ ಗುಮಾಸ್ತೆ "ಇಳಿಜಾರಿನವರು ಬಂದಿದ್ದಾರೆ, ಹುಷಾರು" ಅಂತ ತಮಾಷೆ ಮಾಡುತ್ತಾಳೆ. ಎಲ್ಲ ಸೆಕ್ಷನ್ನುಗಳ ಗೋಡೆಗಳ ವಹಿ ನನ್ನ ಬೀರುವಿನಲ್ಲಿದೆ. ಸಾವಿರಕ್ಕೂ ಹೆಚ್ಚು ಗೋಡೆಗಳು, ಒಂದನ್ನೂ ಮುಟ್ಟಿ ನೋಡಲಾರೆ. ಸಂಜೆಯ ಹೊತ್ತಿಗೆ ಕಣ್ಣ ಮುಂದೆ ಬರೀ ಅಂಕಗಳು ನಿಂತಿರುತ್ತವೆ, ಕಲ್ಲುಗಳಲ್ಲ.

ಮೇಜಿನ ಮೇಲೆ ಗಾಜಿದೆ. ಅದರ ಕೆಳಗೆ ಉಳಿದವರು ದೇವರ ಪಟವನ್ನೋ ಮಕ್ಕಳ ಫೋಟೋವನ್ನೋ ಇಟ್ಟುಕೊಂಡಿದ್ದಾರೆ. ನಾನು ನಮ್ಮ ಖಾಲಿ ಹಾಳೆ ಇಟ್ಟಿದ್ದೇನೆ. ಎಡಗಡೆ ನಿನ್ನ ಸಹಿ, ಬಲಗಡೆ ನನ್ನದು. ನಿನ್ನ ಕೊನೆಯ ಅಕ್ಷರದ ಬಾಲ ನನ್ನ ಮೊದಲ ಅಕ್ಷರಕ್ಕೆ ತಾಗುತ್ತದೆ, ಯಾವತ್ತಾದರೂ ಗಮನಿಸಿದ್ದೀಯಾ? ಯಾರಾದರೂ ಏನಿದು ಅಂದರೆ ನಮ್ಮ ಮನೆಯವರ ಫೋಟೋ ಅನ್ನುತ್ತೇನೆ.

ಸಾಹೇಬರದು ಮಾತು ಕಡಿಮೆ. ನನ್ನ ನೇಮಕ ಜುಲೈವರೆಗೆ ತಾತ್ಕಾಲಿಕ, ಕೆಲಸ ನೋಡಿ ಕಾಯಂ ಮಾಡುತ್ತಾರಂತೆ. ಇಲ್ಲವಾದರೆ ಮತ್ತೆ ಗುಡ್ಡ. ಈ ಮಂಡಿ ಇಟ್ಟುಕೊಂಡು ಗುಡ್ಡ ಹತ್ತುವುದು ಇನ್ನು ಆಗದ ಮಾತು ಅಂತ ನಿನಗೂ ಗೊತ್ತು. ನನ್ನನ್ನು ಬೆನ್ನಿಗೆ ಆನಿಸಿಕೊಂಡು ಎಷ್ಟು ಸಲ ಕೆಳಗಿಳಿಸಿಲ್ಲ ನೀನು.

ಮೂವತ್ತೊಂದು ನನ್ನ ತಲೆಯಲ್ಲಿದೆ. ಚಿಂತೆ ಬಿಡು. ಪಂಕ್ಚರ್ ಅಂಗಡಿಯವಳಿಗೆ ಹೇಳು, ಇಲ್ಲಿನ ಟೀ ಬಿಸಿನೀರಿಗಿಂತ ಕೊಂಚ ಕಂದು ಅಷ್ಟೇ.

ನಿನ್ನ
ಪೆನ್ಸಿಲ್


ಮಾರ್ಚ್ ೨೫

ಪ್ರೀತಿಯ ಪೆನ್ಸಿಲ್,

ಪಟ್ಟಿ ಬಂತು. ನಮ್ಮ ಸೆಕ್ಷನ್ನಿಗೆ ಎಂಟು ಗೋಡೆ. ಒಂಬತ್ತನೆಯದಿದೆ, ಹದಿನಾಲ್ಕಿದೆ, ಇಪ್ಪತ್ತಾರೂ ಇದೆ, ಎಲ್ಲವೂ ಬರೀ ಮೂರು ಅಂಕದವು. ಮೂವತ್ತೊಂದು ಇಲ್ಲ. ಉಗ್ರಾಣದವರು ಕನ್ನಡಕ ಬದಲಿಸಿ ಎರಡು ಸಲ ಓದಿದರು.

ಹಾಳೆ ಎಲ್ಲೋ ಸಿಕ್ಕಿಕೊಂಡಿರಬೇಕು. ಟೀ ಕಲೆಯಿಂದ ಬೇರೆ ಹಾಳೆಗೆ ಅಂಟಿಕೊಂಡಿದ್ದರೂ ಇರಬಹುದು. ಬೀರುವಿನಲ್ಲಿ ಒಂದು ಸಲ ಹುಡುಕು. ಕಂದು ಬಳೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಈಗಲೂ ಸೇರಿಸಿದರೆ ಮಳೆಗೆ ಎರಡು ತಿಂಗಳಿದೆ. ಗೋಡೆಯ ಹಿಂದೆ ಕಾಲುವೆ ತೋಡಿ, ಮುಚ್ಚಿಹೋದ ತೂತುಗಳನ್ನು ಬಿಡಿಸಿ ನೀರಿಗೆ ದಾರಿ ಮಾಡಿದರೆ ಸಾಕು, ಪೂರ್ತಿ ಕೆಡವಿ ಕಟ್ಟುವುದು ಆಮೇಲಾಗಲಿ. ಅಲ್ಲಿಯವರೆಗೆ ರಸ್ತೆಯ ಒಂದು ಬದಿ ಮುಚ್ಚಬೇಕು, ಅಂಗಡಿ ತೆಗೆಯಿಸಬೇಕು. ಹಾಳೆಯಲ್ಲಿ ನಾಲ್ಕು ಅಂತ ಇದ್ದರೆ ತಾನೇ ಇದೆಲ್ಲ ನಡೆಯುವುದು?

ಪಂಕ್ಚರ್ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಗೋಡೆಗೆ ಕೈಯಿಟ್ಟು "ಡಾಕ್ಟ್ರಮ್ಮ, ಜ್ವರ ಎಷ್ಟಿದೆ ನೋಡಿ" ಅನ್ನುತ್ತಾನೆ. ಬೇಗ ಬರೆ.

ನಿನ್ನ
ಸುತ್ತಿಗೆ


ಏಪ್ರಿಲ್ ೮

ಪ್ರಿಯ ಸುತ್ತಿಗೆ,

ಕೆಲಸ ಬಹಳ, ಅದಕ್ಕೇ ತಡವಾಯಿತು. ಹಾಳೆ ಕಳೆದಿಲ್ಲ, ಕಡತದಲ್ಲಿದೆ. ಮೂವತ್ತೊಂದಕ್ಕೆ ಎರಡು ಅಂತಿದೆ. ವಹಿಯಲ್ಲೂ ಎರಡೇ.

ಆ ದಿನ ನಾವು ಬೆಳಿಗ್ಗೆಯಿಂದ ಆರು ಗೋಡೆ ನೋಡಿದ್ದೆವು. ಚಳಿಯಿತ್ತು, ನೀನೂ ದಣಿದಿದ್ದೆ. ಎರಡು ಅಂದಿದ್ದೆಯೇನೋ, ಮನಸ್ಸಿನಲ್ಲಿ ನಾಲ್ಕು ಇತ್ತೇನೋ. ಇಷ್ಟು ದಿನದ ಮೇಲೆ ಯಾರಿಗೆ ನೆನಪಿರುತ್ತದೆ? ಮುಂದಿನ ವರ್ಷದ ಪಟ್ಟಿಯಲ್ಲಿ ಮೊದಲನೆಯದಾಗಿ ಹಾಕಿಸೋಣ.

ಮಂಡಿ ಪರವಾಗಿಲ್ಲ.

ಪೆನ್ಸಿಲ್


ಏಪ್ರಿಲ್ ೨೩

ಪೆನ್ಸಿಲ್,

ಹಾಳೆಯ ನಕಲು ಬೇಕೆಂದು ಸೆಕ್ಷನ್ನಿನಿಂದ ಬರೆಸಿದ್ದೆ. ನಿನ್ನೆ ಬಂತು. ಶೆಡ್ಡಿನ ಬಾಗಿಲಲ್ಲಿ ಬೆಳಕಿಗೆ ಹಿಡಿದು ನೋಡಿದೆ. ನಿನ್ನ ಅಕ್ಷರ. ನನ್ನ ಸಹಿ, ನಿನ್ನ ಸಹಿ. ಡಿಸೆಂಬರ್‌ನ ತಾರೀಕು. ಅಂಕ ಎರಡು.

ಎಷ್ಟು ಶುಭ್ರವಾದ ಹಾಳೆ. ಬಿರುಕಿನ ಚಿತ್ರ ಬರೆಯುವ ಚೌಕ ಖಾಲಿಯಿದೆ. ಆ ದಿನ ನೀನು ಅದರಲ್ಲಿ ಕಾಲು ಗಂಟೆ ಬಿರುಕು ಬಿಡಿಸಿದ್ದೆ. ನದಿಯ ಹಾಗೆ ಕವಲೊಡೆದಿದೆ ನೋಡು ಅಂತ ನನಗೆ ತೋರಿಸಿಯೂ ಇದ್ದೆ. ಟೀ ಲೋಟದ ಗುರುತು ಇಲ್ಲ. ಉಗ್ರಾಣದವರು "ನಕಲಿನಲ್ಲಿ ಕಲೆ ಮೂಡಿರಲಿಕ್ಕಿಲ್ಲಮ್ಮ" ಅಂದರು. ಅದೇ ಕಟ್ಟಿನಲ್ಲಿ ಬಂದ ಹದಿನಾಲ್ಕನೇ ಗೋಡೆಯ ನಕಲಿನಲ್ಲಿ ನನ್ನ ಕೆಸರು ಬೆರಳಿನ ಗೆರೆಗೆರೆಯೂ ಮೂಡಿದೆ.

ಪೆಟ್ಟಿಗೆಯ ಹಾಳೆಗಳನ್ನು ಎಣಿಸಿದೆ. ಹನ್ನೊಂದೂ ಇವೆ.

ನಾನು ಎರಡು ಅಂದಿರಬಹುದು ಅಂತ ಬರೆದೆಯಲ್ಲ. ಅದನ್ನು ಓದಿ ಎರಡು ವಾರ ನಿಜವಾಗಿಯೂ ಹಾಗೇ ಇರಬಹುದೇ ಅಂತ ಯೋಚಿಸಿದೆ. ಸ್ನಾನ ಮಾಡುವಾಗ, ಪಾತ್ರೆ ತೊಳೆಯುವಾಗ, ಆ ದಿನದ ನನ್ನ ದನಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ನಿನ್ನ ಮಾತಿಗಿಂತ ನನ್ನ ನೆನಪನ್ನೇ ಅನುಮಾನಿಸುವುದು ನನಗೆ ಸುಲಭವಾಗಿತ್ತು. ಇದನ್ನು ನೀನು ತಿಳಿದುಕೊಳ್ಳಬೇಕು ಅಂತ ಬರೆಯುತ್ತಿದ್ದೇನೆ.

ಒಂದೇ ಪ್ರಶ್ನೆ. ನಿನ್ನ ಮೇಜಿನ ಗಾಜಿನ ಕೆಳಗೆ ಈಗ ಏನಿದೆ?

ಸುತ್ತಿಗೆ


ಮೇ ೧೨

ಸುತ್ತಿಗೆ,

ಗಾಜಿನ ಕೆಳಗೆ ಈಗ ಏನೂ ಇಲ್ಲ. ಇಷ್ಟನ್ನು ಮಾತ್ರ ಹೇಳುತ್ತೇನೆ. ಎಲ್ಲವನ್ನೂ ಕಾಗದದಲ್ಲಿ ಬರೆಯಲಾಗದು.

ನಮ್ಮ ಗೋಡೆಗಳ ಮುಂದೆ ಅಗಲ ಮಾಡಿದ ಹೆದ್ದಾರಿಯನ್ನು ಏಪ್ರಿಲ್ ಒಂದಕ್ಕೆ ಸಂಚಾರಕ್ಕೆ ಪೂರ್ತಿ ಬಿಟ್ಟುಕೊಡಬೇಕಿತ್ತು. ನಾಲ್ಕು ಅಂಕದ ಗೋಡೆ ಇದ್ದರೆ ಒಂದು ಬದಿ ಮುಚ್ಚಬೇಕು. ಮಾರ್ಚ್‌ನಲ್ಲಿ ಒಂದು ದಿನ ಸಾಹೇಬರು ಬಂದು ನನ್ನ ಮೇಜಿನ ಎದುರು ನಿಂತರು. ಗಾಜಿನ ಕೆಳಗಿನ ಹಾಳೆಯನ್ನೇ ನೋಡುತ್ತಿದ್ದರು. ಆಮೇಲೆ "ಇದು ಒಳ್ಳೆ ಅಭ್ಯಾಸ" ಅಂದರು. ಹೋಗುವಾಗ "ಜುಲೈ ಬರ್ತಾ ಇದೆಯಲ್ಲ" ಅಂದರು. ಅವರು ಬಾಯಿಬಿಟ್ಟು ಹೇಳಿದ್ದು ಅಷ್ಟೇ, ನನ್ನಾಣೆ.

ನೀನು ನನ್ನನ್ನು ಏನು ಅಂದುಕೊಳ್ಳುತ್ತೀಯ ಅಂತ ಯೋಚಿಸಲಿಲ್ಲ ಅಂದುಕೊಳ್ಳಬೇಡ. ಒಂದು ಮಳೆಗಾಲ, ಅಷ್ಟೇ ಅಲ್ಲವೇ? ದಿನಾ ನೀನು ಆ ದಾರಿಯಲ್ಲಿ ಓಡಾಡುತ್ತೀಯ. ಗೋಡೆ ಒಂದು ಬೆರಳು ಮಿಸುಕಿದರೂ ಲೋಕದಲ್ಲಿ ಮೊದಲು ತಿಳಿಯುವುದು ನಿನಗೆ. ನೀನಿದ್ದೀಯಲ್ಲ ಅಂತ ಬರೆದೆ. ನೀನಿಲ್ಲದ ಸೆಕ್ಷನ್ನಿನ ಗೋಡೆಯಾಗಿದ್ದರೆ ಬರೆಯುತ್ತಿರಲಿಲ್ಲ.

ಪೆನ್ಸಿಲ್


ಜೂನ್ ೨೪

ಪೆನ್ಸಿಲ್,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆದಿರಲಿಲ್ಲ. ಈಗ ಬರೆಯಲೇಬೇಕು.

ಹದಿನೇಳರಿಂದ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಉಳಿದ ಎಲ್ಲ ಗೋಡೆಗಳ ತೂತುಗಳಿಂದಲೂ ಕೊಡ ಬಗ್ಗಿಸಿದಂತೆ ನೀರು ಸುರಿಯುತ್ತಿತ್ತು. ಮೂವತ್ತೊಂದು ಮಾತ್ರ ಒಣಗಿತ್ತು. ಒಂದು ತೂತಿನಲ್ಲೂ ಹನಿಯಿಲ್ಲ. ಗುಡ್ಡದ ನೀರನ್ನೆಲ್ಲ ಗೋಡೆ ಬೆನ್ನ ಹಿಂದೆ ಹಿಡಿದುಕೊಂಡಿದೆ ಅಂತ ನಿನಗೆ ವಿವರಿಸಬೇಕಾಗಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಸದ್ದು ತಿರುಗಿ ಬರಲಿಲ್ಲ. ಒದ್ದೆ ಹಾಸಿಗೆಗೆ ಬಡಿದ ಹಾಗಿತ್ತು.

ಇಪ್ಪತ್ತರ ಬೆಳಿಗ್ಗೆ ಸೆಕ್ಷನ್ ಎಂಜಿನಿಯರ ಹತ್ತಿರ ಓಡಿದೆ. ರಸ್ತೆ ಮುಚ್ಚಿ ಅಂದೆ. ಕಿಟಕಿಯಿಂದ ನೋಡಿದ ಹಾಗೆ ಮಾಡಿ, "ಗೋಡೆ ಒಣಗೇ ಇದೆ ಅಂತೀರಿ, ಒಳ್ಳೇದೇ ಅಲ್ವೇನಮ್ಮ?" ಅಂದರು. ಮತ್ತೆ ಹೇಳಿದೆ. ಕಡತ ತೆಗೆದು ನಕಲಿನ ಮೇಲೆ ಬೆರಳಿಟ್ಟರು. "ಎರಡು ಅಂತ ನೀವೇ ಸಹಿ ಹಾಕಿದ್ದೀರಿ. ನಾನು ನಿಮ್ಮ ಸಹಿ ನಂಬಲೋ, ನಿಮ್ಮನ್ನು ನಂಬಲೋ?"

ಆಗ ಹೇಳಬಹುದಿತ್ತು. ಆ ಹಾಳೆ ಸುಳ್ಳು, ಇಂಥವಳು ಬರೆದಿದ್ದಾಳೆ ಅಂತ. ನಿನ್ನ ಹೆಸರು ನಾಲಿಗೆಯ ತುದಿಗೆ ಬಂತು. ಜುಲೈಗೆ ಇನ್ನೂ ಹತ್ತು ದಿನವಿದೆ ಅಂತ ನೆನಪಾಯಿತು. ನುಂಗಿಕೊಂಡೆ.

ನುಂಗಿಕೊಂಡು ಗೋಡೆಗೆ ಹೋದೆ. ಕಲ್ಲು ಅಡ್ಡ ಇಟ್ಟೆ, ನನ್ನ ಕೆಂಪು ರೇನ್‌ಕೋಟ್ ಬಿಚ್ಚಿ ಕೋಲಿಗೆ ಕಟ್ಟಿದೆ. ಪಂಕ್ಚರ್ ಅಂಗಡಿಯವರಿಬ್ಬರನ್ನೂ ಎಬ್ಬಿಸಿ ಬಸ್ ತಂಗುದಾಣಕ್ಕೆ ಕರೆದೊಯ್ದೆ. ಅವಳು ಪಾತ್ರೆ, ಸ್ಟೌ, ಟೀ ಡಬ್ಬಿ ಎಲ್ಲ ಹೊತ್ತು ತಂದಳು. ಹನ್ನೊಂದು ಗಂಟೆಗೆ ಅವನು "ಗಾಳಿ ಮಷೀನ್ ಅಲ್ಲೇ ಉಳೀತು, ಅದಿಲ್ಲದೆ ನಾನೇನು ಬಾಯಲ್ಲಿ ಊದಲಾ?" ಅಂದ. ಬೇಡ ಅಂದೆ. "ಎರಡೇ ನಿಮಿಷ ಡಾಕ್ಟ್ರಮ್ಮ" ಅಂತ ಹೊರಟ. ನಾನು ಒಂದು ಲಾರಿಯನ್ನು ತಡೆಯುತ್ತಿದ್ದೆ, ಬೆನ್ನು ಅತ್ತ ಇತ್ತು.

ಗೋಡೆ ಕುಸಿದ ಸದ್ದು ದೊಡ್ಡದೇನಲ್ಲ. ಯಾರೋ ಉಸಿರು ಬಿಟ್ಟ ಹಾಗೆ.

ಅವನ ಜೀವಕ್ಕೆ ಅಪಾಯವಿಲ್ಲ. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ಗೋಡೆ ಮಿಸುಕಿದರೆ ಮೊದಲು ನನಗೇ ತಿಳಿಯುತ್ತದೆ ಅಂತ ನೀನು ಬರೆದಿದ್ದೆ. ಸರಿಯಾಗೇ ಬರೆದಿದ್ದೆ. ಮೊದಲು ನನಗೇ ತಿಳಿಯಿತು.

ಸುತ್ತಿಗೆ


ಜುಲೈ ೭

ಪ್ರೀತಿಯ ಸುತ್ತಿಗೆ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಅವರಿಬ್ಬರಿಗೂ ನನ್ನ ಕೈಲಾದದ್ದು ಮಾಡುತ್ತೇನೆ, ಅದು ಬೇರೆ ಮಾತು.

ಇಪ್ಪತ್ತನೇ ತಾರೀಕು ವಿಚಾರಣೆ. ನಿನಗೂ ಕರೆ ಬಂದಿರಬೇಕು. ಒಂದು ಮಾತು ಸಮಾಧಾನದಿಂದ ಕೇಳು. ಡಿಸೆಂಬರ್‌ನಲ್ಲಿ ಗೋಡೆಯ ಅಂಕ ಎರಡೇ ಇತ್ತು, ಆಮೇಲೆ ರಸ್ತೆ ಅಗಲ ಮಾಡುವ ಯಂತ್ರಗಳ ಅದುರಿಗೆ ಕೆಟ್ಟಿತು ಅಂತ ಇಬ್ಬರೂ ಹೇಳಿದರೆ ಯಾರ ಮೇಲೂ ಬರುವುದಿಲ್ಲ. ಆರು ತಿಂಗಳಲ್ಲಿ ಗೋಡೆ ಕೆಡುವುದನ್ನು ನಾವೇ ನೋಡಿಲ್ಲವೇ? ನೀನು ಬೇರೆ ಹೇಳಿ ನಾನು ಬೇರೆ ಹೇಳಿದರೆ, ಖಾಲಿ ಹಾಳೆಗೆ ಸಹಿ ಹಾಕಿದ್ದು ಹೊರಗೆ ಬರುತ್ತದೆ. ಅದು ನಿನ್ನನ್ನೂ ಬಿಡುವುದಿಲ್ಲ. ಹದಿನೆಂಟು ವರ್ಷದ ಪ್ರತಿ ಹಾಳೆಯನ್ನೂ ಸುಳ್ಳು ಅನ್ನುತ್ತಾರೆ. ಇದು ನಿನ್ನ ಒಳ್ಳೆಯದಕ್ಕೂ ಹೇಳುತ್ತಿರುವುದು.

ಒಂದನೇ ತಾರೀಕಿಗೆ ಕಾಯಂ ಆಯಿತು. ಸಂತೋಷ ಅಂತ ಬರೆಯಲಾರೆ. ಪೆಟ್ಟಿಗೆಯಲ್ಲಿ ಉಳಿದಿರುವುದನ್ನು ಸುಟ್ಟುಬಿಡು.

ನಿನ್ನ
ಪೆನ್ಸಿಲ್


ಜುಲೈ ೧೮

ಪೆನ್ಸಿಲ್,

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. "ಇನ್ನು ಒಂದೇ ಚಪ್ಪಲಿ ಸಾಕು ಡಾಕ್ಟ್ರಮ್ಮ, ಇನ್ನೊಂದನ್ನು ನಿಮ್ಮ ಆಫೀಸಿಗೆ ಕಳಿಸ್ತೀನಿ" ಅಂದ. ಹೆಂಡತಿ "ಸುಮ್ನಿರಿ, ಅವರ ಮುಖ ನೋಡಿ" ಅಂತ ಗದರಿದಳು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ. "ನೀವು ಆವತ್ತು ನಾಲ್ಕು ಅಂದಿರಲ್ಲ? ಪಾಸು ಅಂತ ನಾನು ನಕ್ಕಿದ್ದೆನಲ್ಲ? ಎರಡು ಅಂತ ಬರೆದಿತ್ತು ಅಂತಾರೆ ಎಲ್ಲರೂ." ನಾನು ಅವನ ಹೊದಿಕೆಯನ್ನು ಸರಿಮಾಡಿದೆ. ಎಡಗಡೆ ಅದು ತಟ್ಟನೆ ತಗ್ಗಾಗುತ್ತದೆ. ಕೈ ಅಲ್ಲೇ ನಿಂತಿತು.

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಒಂದು ಹಾಳೆ ಎದುರಿಗಿಟ್ಟುಕೊಂಡು ಮೇಣದ ಪೆನ್ಸಿಲ್ ಹಿಡಿದೆ. ನಿನ್ನ ಅಕ್ಷರ ನನಗೆ ಬರುತ್ತದೆ ಕಣೇ. ನಿನ್ನ ನಾಲ್ಕು ಯಾವಾಗಲೂ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ, ಬಿರುಕನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತೀಯ. ಡಿಸೆಂಬರ್‌ನ ತಾರೀಕು ಹಾಕಿ ನಾಲ್ಕು ಅಂತ ಬರೆದು, ಒಂದು ಲೋಟ ಟೀ ಮಾಡಿ ಮೇಲಿಟ್ಟರೆ ಮುಗಿಯಿತು. ಕೆಳಗೆ ನಿನ್ನದೇ ಸಹಿ ಇದೆ. ಯಾರು ಇಲ್ಲ ಅನ್ನುತ್ತಾರೆ? ಟೀ ಮಾಡಿಯೂ ಇದ್ದೆ. ಲೋಟ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಕೊನೆಗೆ ತಣ್ಣಗಾದ ಟೀ ಕುಡಿದು ಲೋಟ ತೊಳೆದಿಟ್ಟೆ. ನಿನಗೂ ಆ ಮಾರ್ಚ್‌ನಲ್ಲಿ ಇಷ್ಟೇ ಸುಲಭ ಅನ್ನಿಸಿರಬೇಕು. ಅದು ಅರ್ಥವಾಯಿತು. ಆದರೆ ನೀನು ಯಾಕೆ ಲೋಟ ಕೆಳಗಿಡಲಿಲ್ಲ ಅನ್ನುವುದು ಮಾತ್ರ ಅರ್ಥವಾಗಲಿಲ್ಲ.

ನಾಡಿದ್ದು ಹನ್ನೊಂದು ಹಾಳೆಗಳನ್ನೂ ಹಾಗೇ ಖಾಲಿಯಾಗಿ ವಿಚಾರಣೆಯವರ ಮುಂದೆ ಇಡುತ್ತೇನೆ. ನಾವು ಹೇಗೆ ಸಹಿ ಹಾಕುತ್ತಿದ್ದೆವು, ಯಾಕೆ ಹಾಕುತ್ತಿದ್ದೆವು, ಹನ್ನೆರಡನೆಯದು ಎಲ್ಲಿಗೆ ಹೋಯಿತು ಅಂತ ಹೇಳುತ್ತೇನೆ. ಎಂಜಿನಿಯರ ಎದುರು ಬಾಯಿ ಮುಚ್ಚಿಕೊಂಡಿದ್ದೆ ಅನ್ನುವುದನ್ನೂ ಹೇಳುತ್ತೇನೆ. ನನ್ನ ಕೆಲಸ ಹೋಗುತ್ತದೆ, ಗೊತ್ತು. ನಿನ್ನ ಪತ್ರಗಳನ್ನು ತೋರಿಸುವುದಿಲ್ಲ. ಪತ್ರ ನಿನ್ನೊಬ್ಬಳನ್ನೇ ಸಿಕ್ಕಿಸುತ್ತದೆ. ಹಾಳೆಯಲ್ಲಿ ಇಬ್ಬರೂ ಇದ್ದೇವೆ.

ಗುಡ್ಡದಲ್ಲಿ ಮಂಜು ಮುಚ್ಚಿದಾಗ ನೀನು ಚೀಲದಿಂದ ಪುಸ್ತಕ ತೆಗೆದು ಕವಿತೆ ಓದುತ್ತಿದ್ದೆ. ನನಗೆ ಅರ್ಧ ತಿಳಿಯುತ್ತಿತ್ತು. ಇನ್ನರ್ಧ ನಿನ್ನ ದನಿಯಲ್ಲಿರುತ್ತದೆ ಅಂತ ನಂಬಿಕೊಂಡಿದ್ದೆ. ನೀನೇ ಮೊದಲು ಎದ್ದು ನಿಜ ಹೇಳಿದರೆ ನಾನು ಪೆಟ್ಟಿಗೆ ತೆರೆಯುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಲಿಫ್ಟಿನ ಬಳಿ ಇರುತ್ತೇನೆ.

ಸುತ್ತಿಗೆ


ಆಗಸ್ಟ್ ೩೦

ಪೆನ್ಸಿಲ್,

ಇದು ಜೀಪಿನಲ್ಲಿ ಬರುತ್ತಿರುವ ಕೊನೆಯ ಕಾಗದ. ಶೆಡ್ಡಿನ ಬೀಗದಕೈ ಇವತ್ತು ಉಗ್ರಾಣದವರಿಗೆ ಒಪ್ಪಿಸುತ್ತೇನೆ. ಸುತ್ತಿಗೆ ಇಲಾಖೆಯದಲ್ಲ, ನನ್ನದೇ. ಒಯ್ಯುತ್ತೇನೆ.

ಆ ದಿನ ಹತ್ತೂವರೆಯವರೆಗೆ ಲಿಫ್ಟಿನ ಬಳಿ ನಿಂತಿದ್ದೆ. ನೀನು ಮೆಟ್ಟಿಲು ಹತ್ತಿ ಹೋದೆ ಅಂತ ಆಮೇಲೆ ನಿನ್ನ ಪಕ್ಕದ ಗುಮಾಸ್ತೆ ಹೇಳಿದಳು. ಆ ಮಂಡಿಯಲ್ಲಿ ಮೂರು ಮಹಡಿ.

ಹಾಳೆಗಳನ್ನು ಮೇಜಿನ ಮೇಲೆ ಹರಡಿದಾಗ ವಿಚಾರಣೆಯವರು ನಿನ್ನನ್ನು ಕೇಳಿದ್ದು ನನಗೆ ಪದಪದವೂ ನೆನಪಿದೆ. "ಇದು ನಿಮ್ಮ ಸಹಿಯೇ?" ನೀನು ಹತ್ತಿರ ಬಾಗಿ ನೋಡಿದೆ, ಮೊದಲ ಸಲ ನೋಡುವವಳ ಹಾಗೆ. "ನನ್ನದರ ಹಾಗೇ ಇದೆ. ಪೆಟ್ಟಿಗೆ ಅವರ ಹತ್ತಿರ ಇರುತ್ತಿತ್ತು." "ಅವರು" ಅಂದೆ ನೀನು. ನಾನು ಪಕ್ಕದಲ್ಲೇ ಇದ್ದೆ. ಹದಿನೆಂಟು ವರ್ಷದಲ್ಲಿ ನನ್ನನ್ನು ನೀನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಸಾಹೇಬರು ಕಿಟಕಿಯ ಪರದೆ ಸರಿಮಾಡುತ್ತಿದ್ದರು.

ಆಮೇಲೆ ನಿನ್ನನ್ನು ಹೊರಗೆ ಕಳಿಸಿ ನನ್ನನ್ನು ಕೇಳಿದರು. ಡಿಸೆಂಬರ್‌ನಲ್ಲಿ ಅಂಕ ಎಷ್ಟು ಕೂಗಿದಿರಿ? ನಾಲ್ಕು ಅಂದೆ. ಬರೆಯುವವರು ಏನು ಬರೆದರು? ನನಗೆ ಕಾಣಲಿಲ್ಲ, ಮುಖ ಗೋಡೆಯ ಕಡೆಗಿತ್ತು ಅಂದೆ. ಹಾಗಾದರೆ ಅವರು ಆಗಲೇ ಎರಡು ಅಂತ ಬರೆದಿರಬಹುದಲ್ಲ? ಆ ದಿನವೇ ನಿಮಗೆ ಮೋಸ ಮಾಡಿರಬಹುದಲ್ಲ?

ಹೌದು ಅಂದಿದ್ದರೆ ಅವರಿಗೆ ಸುಲಭವಾಗುತ್ತಿತ್ತು, ನನಗೂ. ನಾನು ಇಲ್ಲ ಅಂದೆ. ಆ ದಿನ ಅವಳು ನಾಲ್ಕು ಅಂತಲೇ ಬರೆದಳು ಅಂದೆ. ಹೇಗೆ ಹೇಳುತ್ತೀರಿ ಅಂದರು. "ನಾಲ್ಕು, ಬರೆದೆ ಅಂದಳು. ಆಮೇಲೇ ನಾನು ಮುಂದಿನ ಕಲ್ಲಿಗೆ ಹೋದದ್ದು" ಅಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಅದನ್ನು ಬರೆದುಕೊಂಡರು.

ಡಿಸೆಂಬರ್‌ನ ನಿನ್ನನ್ನು ಕಾಪಾಡಲು ಆ ಕೋಣೆಯಲ್ಲಿ ಒಬ್ಬಳಿದ್ದಳು. ಅದು ನೀನಾಗಿರಲಿಲ್ಲ.

ಆದೇಶದ ಪ್ರತಿ ನಿನಗೂ ಬಂದಿರುತ್ತದೆ. ಇಬ್ಬರಲ್ಲಿ ಯಾರೂ ಇನ್ನು ಯಾವ ಗೋಡೆಯ ಹಾಳೆಗೂ ಸಹಿ ಹಾಕುವಂತಿಲ್ಲ. ನಿನಗೆ ಅದೇ ಕಟ್ಟಡದಲ್ಲಿ ಬೇರೆ ಮೇಜು ಕೊಟ್ಟಿದ್ದಾರಂತೆ, ಜೀಪಿನವನು ಹೇಳಿದ. ಅದಕ್ಕೂ ಗಾಜಿದೆಯೋ ಇಲ್ಲವೋ ನಾನು ಕೇಳಲಿಲ್ಲ.

ಪಂಕ್ಚರ್ ಅಂಗಡಿಯವರು ತಂಗುದಾಣದ ಪಕ್ಕದಲ್ಲಿ ಶುರುಮಾಡಿದ್ದಾರೆ. ಟ್ಯೂಬು ಬಿಚ್ಚುವುದು ಅವಳು, ತೂತು ಹುಡುಕುವುದು ಅವನು. ಗಾಳಿ ಮಷೀನನ್ನು ಕಲ್ಲುಗಳ ಅಡಿಯಿಂದ ರಸ್ತೆ ಗ್ಯಾಂಗಿನವರು ತೆಗೆದುಕೊಟ್ಟರು. ನೆಗ್ಗಿದೆ, ಆದರೂ ಓಡುತ್ತದೆ.

ಇವತ್ತು ಕೊನೆಯ ಸಲ ಅಂತ ಸುತ್ತಿಗೆ ಹಿಡಿದು ಮೂವತ್ತೆರಡಕ್ಕೆ ಹೋಗಿದ್ದೆ. ಯಾರೂ ಕಳಿಸಿರಲಿಲ್ಲ. ಪಕ್ಕದ ಗೋಡೆ ಬಿದ್ದಮೇಲೆ ಅದರ ಬಲಗಡೆಯ ಕಲ್ಲುಗಳೂ ಸಡಿಲಾಗಿವೆ. ಬಡಿದೆ, ಸದ್ದು ಕೇಳಿದೆ. ಅಭ್ಯಾಸಬಲದಿಂದ "ಮೂರು" ಅಂತ ಜೋರಾಗಿ ಕೂಗಿದೆ. ಕೂಗಿ, ಗೋಡೆಗೆ ಮುಖ ಮಾಡಿಕೊಂಡು ಹಾಗೇ ನಿಂತಿದ್ದೆ. ಬೆನ್ನ ಹಿಂದೆ ಲಾರಿಗಳು ಹೋದವು. ಕಾಲು ನೋಯಲು ಶುರುವಾದ ಮೇಲೆ, ಬರೆಯುವವರು ಯಾರೂ ಇಲ್ಲ ಅಂತ ನೆನಪಾಯಿತು.

ಆ ಮೂರನ್ನು ಇಲ್ಲಿ ಬರೆದಿದ್ದೇನೆ. ಮೂವತ್ತೆರಡನೇ ಗೋಡೆ, ಬಲಭಾಗ, ಮೂರು. ವಹಿಯ ಬೀರು ಈಗ ಯಾರ ಹತ್ತಿರ ಇದೆಯೋ ಅವರಿಗೆ ತಲುಪಿಸು. ಅಂಕ ಬದಲಿಸಬೇಡ.

ಗೋಡೆ ನೋಡುತ್ತಿದ್ದವಳು